ಗಾಳಿಗೂ ಬಾಡಿಗೆ

ತಕ್ಕಡಿಯ ಮೇಲೆ ಎರಡೂವರೆ ಕಿಲೋ ತೂಗಿದ ಡಬ್ಬಕ್ಕೆ ಕೊರಿಯರ್‌ನವರು ಏಳೂವರೆ ಕಿಲೋದ ಹಣ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಲೆಕ್ಕ ಸರಿಯಾಗಿಯೇ ಇರಬಹುದು. ಡಬ್ಬದ ಉದ್ದ 40, ಅಗಲ 30, ಎತ್ತರ 30 ಸೆಂ.ಮೀ. ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ 36,000. ಅದನ್ನು 5,000ದಿಂದ ಭಾಗಿಸಿದರೆ 7.2. ಇದು ವಾಲ್ಯೂಮೆಟ್ರಿಕ್ ತೂಕ, ಅಂದರೆ ಡಬ್ಬ ಹಿಡಿಯುವ ಜಾಗಕ್ಕೆ ಕಟ್ಟಿದ ತೂಕ. ನಿಜವಾದ ತೂಕ, ಜಾಗದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಬಹಳ ಕಡೆ ಅರ್ಧ ಅರ್ಧ ಕಿಲೋದ ಸ್ಲ್ಯಾಬ್ ಇರುವುದರಿಂದ 7.2 ಹೋಗಿ 7.5 ಆಗುತ್ತದೆ.

ಹಗುರ ಸಾಮಾನು ತುಂಬಿದ ಲಾರಿ ಅಥವಾ ವಿಮಾನ ತೂಕದ ಮಿತಿ ಮುಟ್ಟುವ ಮೊದಲೇ ಭರ್ತಿಯಾಗುತ್ತದೆ. ಹಾಗಾಗಿ ಈ ಪದ್ಧತಿಯನ್ನು ನಾನು ಆಕ್ಷೇಪಿಸುವುದಿಲ್ಲ. ನನಗೆ ಸಂಕಟವಾಗುವುದು ಮನೆಯಲ್ಲೇ ತಿಂಡಿ ಮಾಡಿ ಮಾರುವ ಹೆಂಗಸರ ಲಾಭ ಡಬ್ಬದೊಳಗಿನ ಖಾಲಿ ಜಾಗಕ್ಕೆ ಕರಗಿ ಹೋಗುವುದನ್ನು ಕಂಡಾಗ.

ಶಿರಸಿಯ ಕಡೆ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಚಕ್ಕುಲಿ, ತೊಡದೇವು ಮಾಡಿ ಊರೂರಿಗೆ ಕಳಿಸುತ್ತಾರೆ. ಅವರ ಲೆಕ್ಕದ ಪುಸ್ತಕ ನೋಡುವುದು ನನ್ನ ಪಾಲಿನ ಕೆಲಸ. ಉಪ್ಪಿನಕಾಯಿ ಭಾರ, ಜಾಗ ಬೇಡದು. ಚಕ್ಕುಲಿ ಹಗುರ, ಮುರಿಯದಂತೆ ಸುತ್ತಲೂ ಕಾಗದ ತುರುಕಬೇಕು. ಕಾಗದದಷ್ಟೇ ತೆಳ್ಳಗಿನ ತೊಡದೇವಿಗಂತೂ ತಿಂಡಿಗಿಂತ ರಕ್ಷಣೆಯೇ ದೊಡ್ಡದು. ಎರಡು ಬಗೆಯನ್ನೂ ಬೇರೆ ಬೇರೆ ಕಟ್ಟುವುದು ರೂಢಿ. ದುಡ್ಡು ಸೋರುವುದು ಅಲ್ಲಿಯೇ.

ಉಪ್ಪಿನಕಾಯಿ ಡಬ್ಬ 20×20×15, ಕಟ್ಟಿದ ಮೇಲೆ 4 ಕಿಲೋ. ಜಾಗದ ಲೆಕ್ಕದಲ್ಲಿ ಅದು ಬರೀ 1.2, ಆದರೆ ದರ 4ಕ್ಕೆ. ಚಕ್ಕುಲಿ ಡಬ್ಬ 40×30×20, ತೂಕ 2 ಕಿಲೋ. ಜಾಗದ ಲೆಕ್ಕ 4.8, ದರ 5ಕ್ಕೆ. ಒಟ್ಟು 9 ಕಿಲೋ. ಉಪ್ಪಿನಕಾಯಿಯನ್ನು ಬಾಟಲಿಯ ಬದಲು ದಪ್ಪ ಪೌಚಿಗೆ ತುಂಬಿ ತಳದಲ್ಲಿ ಮಟ್ಟಸವಾಗಿ ಹಾಸಿ, ಮೇಲೆ ಚಕ್ಕುಲಿ ಇಟ್ಟರೆ 40×30×25ರ ಒಂದೇ ಡಬ್ಬ ಸಾಕು. ಜಾಗದ ಲೆಕ್ಕವೂ 6, ತೂಕವೂ 6. ಅದೇ ಮಾಲು, ಅದೇ ವಿಳಾಸ, ಮೂರು ಕಿಲೋ ದರ ಉಳಿಯಿತು. ಇಂಧನದ ಸರ್‌ಚಾರ್ಜು, ಶೇ 18ರ ಜಿಎಸ್‌ಟಿ ಎಲ್ಲ ಈ ದರದ ಮೇಲೆಯೇ ಬೀಳುವುದರಿಂದ ಉಳಿತಾಯ ಇನ್ನೂ ಹೆಚ್ಚು.

ಡಬ್ಬ ಸ್ವಲ್ಪ ಕಿರಿದಾದರೂ ಸಾಕು. ಮೂರೂ ಕಡೆ 30 ಸೆಂ.ಮೀ. ಇರುವ ಡಬ್ಬಕ್ಕೆ 5.4 ಕಿಲೋ. ಪ್ರತಿ ಕಡೆ ಮೂರೇ ಸೆಂ.ಮೀ. ತಗ್ಗಿಸಿದರೆ 4 ಕಿಲೋದೊಳಗೆ ಬರುತ್ತದೆ. ಟೇಪು ಸುತ್ತುವಾಗ ಮುಚ್ಚಳ ಉಬ್ಬದಂತೆ ನೋಡಿಕೊಳ್ಳಿ. ಅಳೆಯುವುದು ಉಬ್ಬಿದ ಜಾಗವನ್ನೇ.

ಭಾರದ ಮಾಲಿಗೆ ಸ್ಲ್ಯಾಬಿನ ಗಂಡಾಂತರ ಬೇರೆ. ಸರಿಯಾಗಿ ಎರಡು ಕಿಲೋ ಉಪ್ಪಿನಕಾಯಿ ಅಂತ ಮಾರಿದರೆ ರಟ್ಟು, ಟೇಪು ಸೇರಿ ಎರಡು ಕಿಲೋ ದಾಟಿಯೇ ದಾಟುತ್ತದೆ, ಎರಡೂವರೆಯ ದರ ಬೀಳುತ್ತದೆ. ಹಾಗಾಗಿ ಪ್ಯಾಕೆಟ್ಟಿನ ತೂಕವನ್ನು ಡಬ್ಬದ ತೂಕ ಕಳೆದು ನಿಗದಿ ಮಾಡಬೇಕು: ಒಂದೂ ಮುಕ್ಕಾಲು ಕಿಲೋ, ಇಲ್ಲವೇ ಎರಡೂ ಕಾಲು.

ಭಾಗಿಸುವ ಸಂಖ್ಯೆಯೂ ಎಲ್ಲ ಕಡೆ ಒಂದೇ ಅಲ್ಲ. ವಿಮಾನದ ಸರಕಿಗೆ 6,000 ರೂಢಿ, ಕೊರಿಯರ್‌ಗೆ 5,000 ಸಾಮಾನ್ಯ. ಸಂಖ್ಯೆ ಚಿಕ್ಕದಾದಷ್ಟೂ ನಿಮ್ಮ ಡಬ್ಬ ಭಾರವಾಗುತ್ತದೆ. ಕಿಲೋ ದರ ಅಗ್ಗ ಎಂದು ಒಪ್ಪುವ ಮೊದಲು ಇದನ್ನು ಕೇಳಿ, ಬರಹದಲ್ಲಿ ಪಡೆಯಿರಿ. ಮುಂಗಡ ಹಣ ತುಂಬಿ ಕಳಿಸುವವರ ಖಾತೆಯಿಂದ, ಗೋದಾಮಿನಲ್ಲಿ ಮರು ಅಳತೆಯಾದ ನಂತರ ಹೆಚ್ಚುವರಿ ಹಣ ಕಡಿತವಾಗುವುದುಂಟು. ಅತ್ತಿಗೆಗೂ ಆಗಿತ್ತು. ಡಬ್ಬದ ಮೂರು ಕಡೆಗೂ ಅಳತೆ ಟೇಪು ಹಿಡಿದ ಫೋಟೊ, ತಕ್ಕಡಿಯ ಮೇಲಿನ ಫೋಟೊ ಅವರ ಮೊಬೈಲಿನಲ್ಲಿ ಇದ್ದವು. ಅವನ್ನು ಕಳಿಸಿದ ಮೇಲೆ ಹಣ ವಾಪಸು ಬಂತು.

ಈಗ ದೂರದ ಊರಿನವರು ತೊಡದೇವು ಮಾತ್ರ ಕೇಳಿದರೆ, ಅತ್ತಿಗೆ ಜೊತೆಗೊಂದು ಉಪ್ಪಿನಕಾಯಿ ಪೌಚ್ ಸೇರಿಸಿದರೂ ಕೊರಿಯರ್ ಖರ್ಚು ಅಷ್ಟೇ ಎಂದು ಮೊದಲೇ ತಿಳಿಸುತ್ತಾರೆ. ಹೆಚ್ಚಿನವರು ಸೇರಿಸಿ ಎನ್ನುತ್ತಾರೆ.