ಮಣಿ ಹಿಡಿದದ್ದು, ಮಣಿ ಬಿಟ್ಟದ್ದು: ಒಂದು ಪಾಠದ ಅವಲೋಕನ

ಪಾವಗಡ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಹತ್ತನೇ ತರಗತಿಗೆ ಜೆಲ್ ಮಣಿಗಳ ಚಟುವಟಿಕೆ ಮಾಡಿಸಿದೆ. ನೀರಿನಲ್ಲಿರುವ ಲೋಹದ ಅಯಾನುಗಳನ್ನು ಪಾಲಿಮರ್ ಹೇಗೆ ಹಿಡಿಯುತ್ತದೆ ಎಂಬುದನ್ನು ಮಕ್ಕಳು ಕಂಡು ವಿವರಿಸಬೇಕು ಎಂಬುದು ಪಾಠದ ಉದ್ದೇಶ.

ಸಿದ್ಧತೆ: ಕಂದು ಕಡಲಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್ 2 ಗ್ರಾಂ, ನೀರು 100 ಮಿ.ಲೀ. ಮೊದಲ ಸಲ ಬೋರ್‌ವೆಲ್ ನೀರು ಬಳಸಿದೆ. ಗಡಸು ನೀರಿನ ಕ್ಯಾಲ್ಸಿಯಂನಿಂದ ದ್ರಾವಣ ಗಂಟುಗಟ್ಟಿತು. ಮತ್ತೆ ಬಟ್ಟಿ ಇಳಿಸಿದ ನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸಿ, ಕಲಕಿ, ರಾತ್ರಿಯಿಡೀ ಬಿಟ್ಟ ಮೇಲೆ ಸರಿಹೋಯಿತು.

ಚಟುವಟಿಕೆ: 100 ಮಿ.ಲೀ. ನೀರಿಗೆ 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಅದರೊಳಗೆ ಆಲ್ಜಿನೇಟನ್ನು ಡ್ರಾಪರ್‌ನಿಂದ ಹನಿಸಿದೆವು. ಪ್ರತಿ ಹನಿಯೂ ಮಣಿಯಾಯಿತು. ಅರ್ಧ ಗಂಟೆಯ ನಂತರ ತೊಳೆದು, 50 ಮಿ.ಲೀ. ನೀರಿನಲ್ಲಿ ಅರ್ಧ ಗ್ರಾಂ ಮೈಲುತುತ್ತ ಕರಗಿಸಿದ ದ್ರಾವಣಕ್ಕೆ ಹಾಕಿದೆವು. ಮಣಿಗಳು ನೀಲಿಯಾದವು, ದ್ರಾವಣ ತಿಳಿಯಾಯಿತು. ಆಲ್ಜಿನೇಟಿನ ಋಣ ಆವೇಶದ ಕಾರ್ಬಾಕ್ಸಿಲೇಟ್ ಗುಂಪುಗಳು ತಾಮ್ರದ ಅಯಾನುಗಳನ್ನು ಹಿಡಿದು ಕ್ಯಾಲ್ಸಿಯಂ ಬಿಟ್ಟುಕೊಟ್ಟವು ಎಂದು ವಿವರಿಸಿದೆ.

ಆಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು: "ಮಿಸ್, ನಮ್ಮೂರ ನೀರಲ್ಲಿ ಫ್ಲೋರೈಡ್ ಐತೆ ಅಂತಾರೆ. ಈ ಮಣಿ ಹಾಕಿದ್ರೆ ಹೋಗುತ್ತಾ?"

"ಹೋಗುತ್ತೆ" ಎಂದುಬಿಟ್ಟೆ. "ಅಮ್ಮಂಗೆ ಹೇಳ್ತೀನಿ ಮಿಸ್" ಎಂದು ಕುಳಿತಳು.

ಹಿಂದಿನ ಬೆಂಚಿನಲ್ಲಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ಫ್ಲೋರೈಡಿನ ಆವೇಶ ಯಾವುದು?" ಓದಿದಾಗ ಮುಖ ಬಿಸಿಯಾಯಿತು. ಫ್ಲೋರೈಡ್ ಋಣ ಅಯಾನು. ತಾಮ್ರವನ್ನು ಹಿಡಿದ ಬಗೆಯಲ್ಲಿ ಈ ಮಣಿ ಅದನ್ನು ಹಿಡಿಯಲಾರದು. ನನ್ನ ಪಾಠದೊಳಗೇ ಇದ್ದ ಉತ್ತರವನ್ನು ನಾನೇ ಬಳಸಿರಲಿಲ್ಲ.

ಮರುದಿನ ತರಗತಿಯಲ್ಲಿ "ನಿನ್ನೆ ನಾನು ಹೇಳಿದ್ದು ತಪ್ಪು" ಎಂದೇ ಆರಂಭಿಸಿದೆ. ಋಣ ಅಯಾನಿನ ಬಣ್ಣವಾದ ಇಯೋಸಿನ್ ದ್ರಾವಣಕ್ಕೆ ಹೊಸ ಮಣಿಗಳನ್ನು ಹಾಕಿಸಿದೆ. ನೀರಿನ ಕೆಂಪು ಹೆಚ್ಚೇನೂ ಇಳಿಯಲಿಲ್ಲ. ಕಾರಣವನ್ನು ಮಕ್ಕಳೇ ಹೇಳಿದರು. ಕುದಿಸಿದರೂ ಫ್ಲೋರೈಡ್ ಹೋಗದು, ಅದಕ್ಕೆ ಆರ್‌ಒ ಅಥವಾ ಸಕ್ರಿಯ ಅಲ್ಯುಮಿನಾ ಸೋಸಕ ಬೇಕು, ನಾವು ಮಾಡಿದ ಮಣಿ ಕುಡಿಯುವ ನೀರಿಗಲ್ಲ ಎಂದು ಎಲ್ಲರೂ ಬರೆದುಕೊಂಡರು.

ಆ ಹುಡುಗಿ ಮನೆಯಲ್ಲಿ ಆಗಲೇ ಹೇಳಿದ್ದಳಂತೆ. "ಇವತ್ತು ಹೋಗಿ ಬೇಡ ಅಂತೀನಿ ಮಿಸ್" ಎಂದಳು.

ಈಗ ನನ್ನ ಪಾಠಯೋಜನೆಯಲ್ಲಿ ಒಂದು ಕಾಲಂ ಹೆಚ್ಚಾಗಿದೆ: "ಈ ಪ್ರಯೋಗದಿಂದ ಏನು ಆಗುವುದಿಲ್ಲ?" ಸಹ ಪ್ರಶಿಕ್ಷಣಾರ್ಥಿಗಳೂ ಅದನ್ನು ತರಗತಿಗೆ ಹೋಗುವ ಮೊದಲೇ ತುಂಬಿಕೊಳ್ಳುವುದು ಒಳ್ಳೆಯದು.