ಮನೆಯ ಮಾಡಿನ ಮೇಲಿನ ಸೌರವಿದ್ಯುತ್ತು



ಕಳೆದ ಆಷಾಢದಲ್ಲಿ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು, ನಮ್ಮ ಕಾಣಕೋಣದ ಕೆಲವು ವಾಡೆಗಳಲ್ಲಿ ಎರಡು ರಾತ್ರಿ ದೀಪವಿರಲಿಲ್ಲ. ಮರುದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ: “ಸರ್, ನಮ್ಮ ಮನಿ ಮಾಲೀಕರ ಮಾಳಗಿ ಮ್ಯಾಲ ಅಷ್ಟು ದೊಡ್ಡ ಸೋಲಾರ್ ಅದ. ಅವರ ಮನ್ಯಾಗೂ ಯಾಕ ಕತ್ತಲ?” ನಾನು ಕನ್ನಡ ಕಲಿಸುವವನು, ಆ ಗಳಿಗೆಯಲ್ಲಿ ಉತ್ತರ ಹೊಳೆಯಲಿಲ್ಲ. ವಿಜ್ಞಾನದ ಶಿಕ್ಷಕರನ್ನು ಕೇಳಿ, ಪುಸ್ತಕ ತಿರುವಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಫಲಕದ ವಿಚಾರ. ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಬೆಕ್ವೆರೆಲ್ 1839ರಲ್ಲೇ ಕಂಡಿದ್ದನು. ಆದರೆ ಉಪಯೋಗಕ್ಕೆ ಬರುವಂಥ ಸಿಲಿಕಾನ್ ಕೋಶ ಸಿದ್ಧವಾದದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಸಿಲಿಕಾನಿನ ತೆಳು ಬಿಲ್ಲೆಯ ಒಂದು ಮಗ್ಗುಲಿಗೆ ರಂಜಕವನ್ನೂ ಇನ್ನೊಂದು ಮಗ್ಗುಲಿಗೆ ಬೋರಾನನ್ನೂ ಅತಿ ಸ್ವಲ್ಪವಾಗಿ ಬೆರೆಸಿರುತ್ತಾರೆ. ಬೆಳಕು ಬಿದ್ದಾಗ ಒಳಗಿನ ಎಲೆಕ್ಟ್ರಾನುಗಳು ಸಡಿಲಗೊಳ್ಳುತ್ತವೆ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವುದೇ ಹೊರತು ತಾನಾಗಿ ಮರಳಿ ಏರದಷ್ಟೆ? ಹಾಗೆಯೇ ಆ ಎರಡು ಮಗ್ಗುಲುಗಳು ಕೂಡುವ ಗಡಿ ಎಲೆಕ್ಟ್ರಾನುಗಳನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹೊರಗೆ ತಂತಿ ಜೋಡಿಸಿದರೆ ಅದರಲ್ಲಿ ಹರಿಯುವುದೇ ವಿದ್ಯುತ್ತು. ಒಂದು ಕೋಶದಿಂದ ಸಿಗುವುದು ಸುಮಾರು ಅರ್ಧ ವೋಲ್ಟ್ ಮಾತ್ರ. 36 ಕೋಶಗಳನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟಿನಷ್ಟಾಗಿ, 12 ವೋಲ್ಟಿನ ಬ್ಯಾಟರಿ ತುಂಬಲು ಸಾಕಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಫಲಕಕ್ಕೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಏಪ್ರಿಲ್ ಮಧ್ಯಾಹ್ನ ಫಲಕದ ಮೈ 60 ಡಿಗ್ರಿಗೆ ಏರಿದರೆ ಅದರ ಶಕ್ತಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಗ್ಗುತ್ತದೆ. ಆದ್ದರಿಂದ ಮಾಡಿಗೂ ಫಲಕಕ್ಕೂ ನಡುವೆ ಗಾಳಿಯಾಡಲು ಜಾಗ ಬಿಡಬೇಕು. ನಮ್ಮೂರು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಓರೆಯಾಗಿ ಇಟ್ಟರೆ ವರ್ಷವಿಡೀ ಅನುಕೂಲ. ಕೋಶಗಳು ಸಾಲಾಗಿ ಕೈಹಿಡಿದು ನಿಂತಿರುವುದರಿಂದ ಒಂದು ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ತೆಂಗಿನ ನಾಡಿನವರಾದ ನಾವು ಇದನ್ನು ಮರೆಯಬಾರದು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಮನೆಯ ಸೌರ ವ್ಯವಸ್ಥೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮಾಲೀಕರ ಮನೆಯದು ಸರಕಾರಿ ತಂತಿಗೆ ಜೋಡಿಸಿದ ಬಗೆ. ಫಲಕದಿಂದ ಬರುವ ನೇರ ವಿದ್ಯುತ್ತನ್ನು ಇನ್ವರ್ಟರು 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಮನೆಯ ಖರ್ಚಿಗೆ ಮಿಕ್ಕದ್ದು ತಂತಿಯ ಮೂಲಕ ಹೊರಗೆ ಹೋಗುತ್ತದೆ. ಮೀಟರು ಎರಡೂ ಕಡೆಯ ಲೆಕ್ಕ ಇಡುತ್ತದೆ. ಒಂದು ಕಿಲೋವ್ಯಾಟಿನ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಹಾಯಧನ ಇಂಥ ಜೋಡಣೆಗೇ ಮೀಸಲು.

ಆದರೆ ತಂತಿಯಲ್ಲಿ ವಿದ್ಯುತ್ತು ನಿಂತ ಕ್ಷಣವೇ ಈ ಇನ್ವರ್ಟರು ಕೂಡ ನಿಲ್ಲುತ್ತದೆ. ಇದು ಕೆಟ್ಟದ್ದರ ಲಕ್ಷಣವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಕಂಬ ಹತ್ತಿದ ಲೈನ್‌ಮನ್ ತಂತಿ ಸತ್ತಿದೆಯೆಂದು ನಂಬಿ ಕೈ ಹಾಕುವಾಗ ಯಾರದೋ ಮಾಡಿನಿಂದ ವಿದ್ಯುತ್ತು ಹರಿದು ಬಂದರೆ ಅವನ ಪ್ರಾಣವೇ ಹೋದೀತು. ಹೀಗಾಗಿ ಮಾಲೀಕರ ಮನೆ ಕತ್ತಲಾದದ್ದು ಸರಿಯಾಗಿಯೇ ಇತ್ತು. ಫಲಕ ಮಾರುವವರು ಇದನ್ನು ಮೊದಲೇ ಬಿಡಿಸಿ ಹೇಳಬೇಕಾಗಿತ್ತು; ಎಷ್ಟೋ ಸಲ ಹೇಳುವುದಿಲ್ಲ. ಕತ್ತಲಲ್ಲೂ ಬೆಳಕು ಬೇಕೆನ್ನುವ ಪಾಲಕರು ಬ್ಯಾಟರಿ ಇದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿರಿ. ತಂತಿ, ಬ್ಯಾಟರಿ ಎರಡನ್ನೂ ಕೂಡಿಸಿದ ಇನ್ವರ್ಟರುಗಳೂ ಇವೆ, ಬೆಲೆ ಮಾತ್ರ ಹೆಚ್ಚು.

ಎರಡನೆಯ ಬಗೆ ತಂತಿಯ ಹಂಗಿಲ್ಲದ್ದು: ಫಲಕ, ಬ್ಯಾಟರಿ, ನಡುವೆ ಒಂದು ನಿಯಂತ್ರಕ. ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ನಿಯಂತ್ರಕ ಕಾಯುತ್ತದೆ. ಕರ್ನಾಟಕದಲ್ಲಿ 1995ರಲ್ಲಿ ಹರೀಶ್ ಹಂದೆಯವರು ಪಾಲುದಾರರಾಗಿ ಆರಂಭಿಸಿದ ಸೆಲ್ಕೊ ಸಂಸ್ಥೆ ಇಂಥ ಪುಟ್ಟ ವ್ಯವಸ್ಥೆಗಳನ್ನು ಬ್ಯಾಂಕ್ ಸಾಲದ ಕಂತುಗಳ ಮೂಲಕ ಬಡವರ ಮನೆಗಳಿಗೆ ಮುಟ್ಟಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಆ ಹುಡುಗನೂ ನಾನೂ ಕರಿಹಲಗೆಯ ಮೇಲೆ ಲೆಕ್ಕ ಹಾಕಿದೆವು. 10 ವ್ಯಾಟಿನ ಎರಡು ದೀಪ 5 ಗಂಟೆ ಉರಿದರೆ 100 ವ್ಯಾಟ್-ಗಂಟೆ. 20 ವ್ಯಾಟಿನ ಚಿಕ್ಕ ಫ್ಯಾನು 5 ಗಂಟೆಗೆ ಇನ್ನೊಂದು 100. ಮೊಬೈಲಿಗೆ 15. ಒಟ್ಟು 215. ನೂರು ವ್ಯಾಟಿನ ಫಲಕಕ್ಕೆ 4 ಗಂಟೆಯ ಒಳ್ಳೆಯ ಬಿಸಿಲು ಸಿಕ್ಕರೆ 400. ದಾರಿಯಲ್ಲಿ ಸೋರುವುದನ್ನು ಕಳೆದರೆ ಕೈಗೆ ಬರುವುದು ಸುಮಾರು 280. ಬ್ಯಾಟರಿ 12 ವೋಲ್ಟ್, 40 ಆಂಪಿಯರ್-ಗಂಟೆಯದಾದರೆ 480 ಹಿಡಿಯುತ್ತದೆ. ಸೀಸ-ಆಮ್ಲದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೆ ಅದು ಬಾಳಿಕೆ ಬರುತ್ತದೆ, ಅಂದರೆ 240. ಸಾಕು! ಅಂಥ ಬ್ಯಾಟರಿಯನ್ನು ಅಡಿಗೆ ಒಲೆಯ ಬಳಿ ಇಡಬೇಡಿರಿ. ತುಂಬುವಾಗ ಅದರಿಂದ ಜಲಜನಕ ಹೊರಬರುತ್ತದೆ. ಅದು ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲ.

“ಮಳಿಗಾಲದಾಗ, ಸರ್?” ಎಂದ ಹುಡುಗ. ದಟ್ಟ ಮೋಡದ ದಿನ ಕಾಲು ಪಾಲು ಬೆಳಕೆಂದು ಹಿಡಿದೆವು. ಕೈಗೆ ಬಂದದ್ದು 70. ಒಂದು ದೀಪಕ್ಕೆ 50, ಮೊಬೈಲಿಗೆ 15. ಫ್ಯಾನನ್ನು ಅವನೇ ಹಲಗೆಯಿಂದ ಅಳಿಸಿದ. “ಬಾಡಗಿ ಮನಿ ಬಿಡೂಮುಂದ ಇದನ್ನ ಬಿಚ್ಚಿಕೊಂಡು ಹೋಗಬಹುದೇನ್ರೀ?” ಎಂದು ಕೇಳಿದ. ಹೋಗಬಹುದು, ನಾಲ್ಕು ನಟ್ಟು ಸಡಿಲಿಸಿದರಾಯಿತು ಎಂದೆ. ಲೆಕ್ಕವನ್ನು ಪಟ್ಟಿಯಲ್ಲಿ ಬರೆದುಕೊಂಡು, ಅಪ್ಪನಿಗೆ ತೋರಿಸುತ್ತೇನೆಂದು ಹೇಳಿ ಹೋದ.