ಮನಸ್ಸಿನ ವ್ಯಾಧಿಯ ವಿಷಯ

ಜ್ವರ ಬಂದವನನ್ನು ಯಾರೂ ಗದರಿಸುವದಿಲ್ಲ. ಮನಸ್ಸು ಕುಗ್ಗಿ, ನಿದ್ರೆಗೆಟ್ಟು, ಅನ್ನ ಬಿಟ್ಟು ಕೂತವನನ್ನಾದರೋ ಸೋಮಾರಿಯೆನ್ನುತ್ತೇವೆ, ಇಲ್ಲವೆ ದೆವ್ವ ಹಿಡಿಯಿತೆಂದು ಮಂತ್ರವಾದಿಯ ಬಳಿಗೆ ಒಯ್ಯುತ್ತೇವೆ. ಇದು ವ್ಯಾಧಿಯೇ ಎಂದು ತಿಳಿಸುವದಕ್ಕೆ ಶಿವಮೊಗ್ಗೆಯ ಮನೋವೈದ್ಯರಾದ ಅಶೋಕ ಪೈಯವರು 2016ರಲ್ಲಿ ತೀರಿಹೋಗುವ ವರೆಗೂ ಪ್ರಯಾಸಪಟ್ಟರು. ಕಥೆ, ಚಲನಚಿತ್ರಗಳನ್ನೂ ಬಿಡಲಿಲ್ಲ.

ಇಂಥ ಚಿಕಿತ್ಸೆಯಲ್ಲಿ ವೈದ್ಯರು ಮೊದಲು ಕೇಳುತ್ತಾರೆ, ಬುದ್ಧಿವಾದ ಹೇಳುವದಿಲ್ಲ (ನಮಗೆ ಇದೇ ಕಷ್ಟ!). ಯಾವ ಎಣಿಕೆ ರೋಗಿಯನ್ನು ಕುಗ್ಗಿಸುತ್ತದೆಂದು ಅವನೊಂದಿಗೆ ಹುಡುಕಿ, ದಿನಕ್ಕೊಂದು ಸಣ್ಣ ಕೆಲಸಕ್ಕೆ ಅವನನ್ನು ಎಬ್ಬಿಸುತ್ತಾರೆ. ಔಷಧ ಕೊಟ್ಟರೆ ಗುಣ ಕಾಣಲು ಕೆಲವು ವಾರಗಳು ಬೇಕು. ಹಾಯೆನಿಸಿತೆಂದು ತಾನಾಗಿ ನಿಲ್ಲಿಸಿದವನಿಗೆ ರೋಗ ಮರಳುವದುಂಟು.

ಭದ್ರಾವತಿಯವರಿಗೆ ಶಿವಮೊಗ್ಗೆ ದೂರವಲ್ಲ. ಸಾಯುತ್ತೇನೆನ್ನುವವನನ್ನು ಒಂಟಿಯಾಗಿ ಬಿಡದೆ ಅದೇ ದಿನ ಕರಕೊಂಡು ಹೋಗಿರಿ. ಹೊರಡಲಾರದವರು, 2022ರಲ್ಲಿ ಸರಕಾರವು ತೆರೆದ 14416 ಎಂಬ ದೂರವಾಣಿಗೆ ಹಗಲಾಗಲಿ ರಾತ್ರಿಯಾಗಲಿ ಹಣ ಕೊಡದೆ ಕನ್ನಡದಲ್ಲಿಯೇ ಮಾತಾಡಬಹುದು.